ಪ್ರತಿಕಾಯ ಜಾಸ್ತಿ ಇದೆಯಂತೆ

ನನ್ನ ಮಗಳಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್. ಶ್ವಾಸಕೋಶದೊಳಗಿನ ಕಫ ಎಳೆಪಾಕಕ್ಕೆ ಬಂದ ಬೆಲ್ಲದ ಹಾಗೆ ಅಂಟಿಕೊಂಡು ಕೂರುತ್ತದೆ, ಎಷ್ಟು ಕೆಮ್ಮಿದರೂ ಬಿಡುವುದಿಲ್ಲ. ಅದು ಸಡಿಲಾಗಲೆಂದು ದಿನಕ್ಕೆರಡು ಸಲ ಅವಳ ಬೆನ್ನು ತಟ್ಟುತ್ತೇನೆ, ಹದಿಮೂರು ವರ್ಷದಿಂದ. ಮದ್ದೂರು ಕಡೆಯ ನಮ್ಮ ಕೊಪ್ಪದಲ್ಲಿ ಈ ಕಾಯಿಲೆಯ ಹೆಸರು ಸರಿಯಾಗಿ ಹೇಳಬಲ್ಲವರು ನಾವಿಬ್ಬರೇ. ಉಳಿದವರಿಗೆ ಅದು ದಮ್ಮು.

ಅವಳಿಗೆ ಕಫ ಉಗುಳಲು ಬರುವುದಿಲ್ಲ. ಹಾಗಾಗಿ ಹೋದ ಚಳಿಗಾಲದಲ್ಲಿ ಬೆಂಗಳೂರಿನ ಡಾಕ್ಟರು ಕಫದ ಬದಲು ರಕ್ತದಲ್ಲೇ ನೋಡೋಣವೆಂದು ಪ್ರತಿಕಾಯಗಳ ಪರೀಕ್ಷೆ ಬರೆದುಕೊಟ್ಟರು. "ರಿಪೋರ್ಟ್ ಬಂದ ತಕ್ಷಣ ಕರ್ಕೊಂಡು ಬನ್ನಿ" ಎಂದರು. ಮಂಡ್ಯದಲ್ಲಿ ರಕ್ತ ಕೊಟ್ಟು ಬಂದೆವು. ರಿಪೋರ್ಟು ನನ್ನ ಮೊಬೈಲಿಗೆ ಬಂತು. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು.

ನಾನು ಖುಷಿಪಟ್ಟೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ಕೊರೊನಾ ಕಾಲದಲ್ಲಿ ಪ್ರತಿಕಾಯ ಬಂದವರೆಲ್ಲ ಗೆದ್ದವರು ಎಂದು ಊರಿಗೆ ಊರೇ ಹೇಳಿಕೊಂಡು ತಿರುಗಿತ್ತು. ಭಾರತೀನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ: ಪ್ರತಿಕಾಯಗಳು ನಮ್ಮ ಸೈನಿಕರು. ಸೈನಿಕರು ಜಾಸ್ತಿ ಇದ್ದರೆ ಒಳ್ಳೆಯದಲ್ಲವೇ? ಯುದ್ಧ ನಡೆಯುವ ಕಡೆಯೇ ಸೈನಿಕರು ಸೇರುತ್ತಾರೆಂದು ಈ ಮೇಡಂ ತಲೆಗೆ ಹೊಳೆಯಲಿಲ್ಲ. ಪುಸ್ತಕದ ಬದನೆಕಾಯಿ.

ಅತ್ತೆಗೆ ಹೇಳಿದೆ. "ರಕ್ತದಲ್ಲೇ ಸಕ್ತಿ ಐತೆ ಅನ್ನು. ಮಗೀಗೆ ಇನ್ನೇನೂ ಆಗಾಕಿಲ್ಲ ಬುಡು ಕಣಮ್ಮ" ಎಂದು ಅವರು ಶಾವಿಗೆ ಪಾಯಸ ಮಾಡಿದರು.

ಮಗಳು ಮಾತ್ರ ಬಟ್ಟಲು ಹಿಡಿದುಕೊಂಡು ನನ್ನ ಹಿಂದೆಯೇ ಬಂದಳು. "ಡಾಕ್ಟ್ರು ತಕ್ಷಣ ಬನ್ನಿ ಅಂದಿದ್ರಲ್ಲಮ್ಮ?"

"ಜಾಸ್ತಿ ಇದೆ ಕಣೆ, ಒಳ್ಳೇದೇ. ನಿನ್ನ ಸ್ಕೂಲ್ ಪರೀಕ್ಷೆ ಮುಗಿಸ್ಕೊಂಡು ಹೋಗೋಣ" ಎಂದೆ.

ಎರಡು ತಿಂಗಳು ಹೋಗಲಿಲ್ಲ. ಹೋದಾಗ ಡಾಕ್ಟರು ರಿಪೋರ್ಟಿನ ತಾರೀಖು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಶ್ವಾಸಕೋಶದಲ್ಲಿ ಒಂದು ಕ್ರಿಮಿ ಮನೆ ಮಾಡಿದೆ, ಅದರ ಜೊತೆ ದೇಹ ಬಹಳ ದಿನದಿಂದ ಗುದ್ದಾಡುತ್ತಿದೆ, ಅದಕ್ಕೇ ಪ್ರತಿಕಾಯ ಅಷ್ಟು ಏರಿದೆ ಎಂದರು.

"ಆವತ್ತೇ ಬಂದಿದ್ರೆ?" ಎಂದು ಕೇಳಿದೆ.

"ಖಂಡಿತ ಅಂತ ಹೇಳೋಕಾಗಲ್ಲ. ಪೂರ್ತಿ ಓಡಿಸೋಕೆ ಒಂದು ಪ್ರಯತ್ನ ಮಾಡಬಹುದಿತ್ತು. ಇನ್ನು ಹತೋಟೀಲಿ ಇಡೋದಷ್ಟೇ."

ಬೈದಿದ್ದರೆ ಚೆನ್ನಾಗಿತ್ತು. ಮದ್ದೂರಿನವರೆಗೂ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೊರಗಿ ಮಲಗಿದ್ದಳು. ಅವಳ ಎದೆಯೊಳಗಿನ ಗೊರಗೊರ ಶಬ್ದ ನನ್ನ ತೋಳಿಗೆ ತಾಗುತ್ತಿತ್ತು. ನನ್ನಂಥವಳು ಇವಳಿಗೆ ತಾಯಿಯಾಗಬಾರದಿತ್ತು ಎಂದುಕೊಂಡೆ. ಈಗಲೂ ಅಂದುಕೊಳ್ಳುತ್ತೇನೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೇಳಿದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ತಕ್ಷಣ ಬರಬೇಕಿತ್ತಂತೆ ಎಂಬುದನ್ನೂ ಹೇಳಿದೆ.

"ಮತ್ತೆ ಆವತ್ತೇ ಯಾಕ್ ಓಗ್ನಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಚಪ್ಪಲಿ ಬಿಡುತ್ತಾ ಹೇಳಿದಳು, "ಅಮ್ಮ ಕರೀತು ಅಜ್ಜಿ. ನಾನೇ ಪರೀಕ್ಸೆ ಮುಗೀಲಿ ಅಂತ ಹಟ ಮಾಡ್ದೆ."

ಅತ್ತೆ ಅವಳನ್ನು ಬೈಯತೊಡಗಿದರು. ಅವಳು ತಲೆ ತಗ್ಗಿಸಿ ಕೆಮ್ಮುತ್ತಾ ಬೈಸಿಕೊಂಡಳು. ನಾನು ಅಲ್ಲ ಎನ್ನಲಿಲ್ಲ.