ಹವಾಲ್ದಾರರಿಗೆ ಕೊಟ್ಟ ಪುಂಡಿ ಸಿವುಡು

ಪೊಲೀಸರಿಗೆ ಹೆದರಿ ಗಾಂಜಾ ಮುಚ್ಚಿಟ್ಟವರ ಸುದ್ದಿ ನೀವು ಕೇಳಿರುತ್ತೀರಿ. ಪೊಲೀಸರನ್ನು ಕರೆದು, ಕುರ್ಚಿ ಹಾಕಿ, ಚಹಾ ಕುಡಿಸಿ, ಗಾಂಜಾವನ್ನು ಸಿವುಡು ಕಟ್ಟಿ ಕೈಗೆ ಕೊಟ್ಟವನ ಸುದ್ದಿ ಕೇಳಿದ್ದೀರಾ?

ಕೇಳಿರದಿದ್ದರೆ ಈಗ ಕೇಳಿ. ಅವನು ನಾನೇ.

ಬರೀ ಕೊಟ್ಟಿದ್ದರೆ ಮಾತು ಬೇರೆ. 'ಬಾಡೋದ್ರಾಗ ಮನಿ ಮುಟ್ಟಸ್ರಿ, ಬಳ್ಳೊಳ್ಳಿ ಮುಂದ ಮಾಡಿ ಒಗ್ಗರಣಿ ಕೊಡಸ್ರಿ' ಎಂದು ಅಡುಗೆಯ ಪಾಠವನ್ನೂ ಹೇಳಿದೆ.

ಈ ಪುಟ ಓದುವವರಿಗೆ ನನ್ನ ಸ್ವಭಾವ ಹೊಸದಲ್ಲ. ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟು ಮುಂಡರಗಿಯ ಹಿಟ್ಟಿನ ಗಿರಣಿಯೊಂದರಲ್ಲಿ ಕಸ ಹೊಡೆಯಲು ಸೇರಿದವನು. ಇಂದು ಅದೇ ಗಿರಣಿಗೆ ಮಾಲೀಕ. ಕೈ ಖಾಲಿ ಇದ್ದರೆ ನನಗೆ ಮೈಯಲ್ಲಿ ಆರಾಮ ಇರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವರ ಗಂಟು ಸಡಿಲಾಗಿದ್ದರೆ ಬಿಚ್ಚಿ ಬಿಗಿಯಾಗಿ ಕಟ್ಟಿಕೊಡುತ್ತೇನೆ. (ಕೆಲವರು ಬೈದಿದ್ದಾರೆ.)

ಇನ್ನೊಂದು ಸ್ವಭಾವವೂ ಇದೆ. ಹೊಲದಲ್ಲಿ ಏಳುವ ಯಾವ ಗಿಡವೂ ನನಗೆ ಗೊತ್ತಿಲ್ಲದ್ದಿಲ್ಲ ಎಂಬ ಮಾತನ್ನು ಗಿರಣಿಯ ಕಟ್ಟೆಯ ಮೇಲೆ ಕೂತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೃಷಿ ಕಾಲೇಜು ಓದಿದವರ ಮುಂದೆ ತುಸು ಜೋರಾಗಿಯೇ ಹೇಳಿದ್ದೇನೆ.

ಡೋಣಿ ಹಳ್ಳಿಯ ಹತ್ತಿರ, ಕಪ್ಪತಗುಡ್ಡದ ಬುಡಕ್ಕೆ, ನಮ್ಮದೊಂದು ಹೊಲವಿದೆ. ಕೆಳಗಿನ ತುಂಡಿನಲ್ಲಿ ಶೇಂಗಾ. ಗುಡ್ಡಕ್ಕೆ ಹತ್ತಿಕೊಂಡ ಮೇಲಿನ ತುಂಡು ಪಡಾ ಬಿದ್ದಿದೆ. ಕಾಡುಹಂದಿಗಳ ಕಾಟಕ್ಕೆ ಬೇಸತ್ತು ಅಲ್ಲಿ ಬಿತ್ತುವುದನ್ನೇ ಬಿಟ್ಟೆವು. ಈಗ ಜಾಲಿ ಬೆಳೆದು ಆಚೆ ಏನಿದೆ ಎಂದು ಕಾಣುವುದಿಲ್ಲ. ನಾನು ಅಲ್ಲಿಗೆ ಹೋಗುವುದಿಲ್ಲ. ಬೇರೆ ಯಾರೂ ಹೋಗುವುದಿಲ್ಲ ಎಂದುಕೊಂಡಿದ್ದೆ.

ಈ ಮಳೆಗಾಲದಲ್ಲಿ ತಪ್ಪಿಸಿಕೊಂಡ ಆಕಳನ್ನು ಹುಡುಕುತ್ತ ಜಾಲಿಯೊಳಗೆ ನುಗ್ಗಿದೆ. ಒಳಗೊಂದು ಬಯಲು. ಬಯಲಿನಲ್ಲಿ ಎದೆಮಟ್ಟ ನಿಂತ ಹಚ್ಚಹಸಿರು ಗಿಡಗಳು. ಬೆರಳು ಬಿಡಿಸಿದ ಅಂಗೈಯಂಥ ಎಲೆ. ಅಂಚಿಗೆ ಗರಗಸದ ಹಲ್ಲು.

ಪುಂಡಿ. ನೋಡಿದ ಕೂಡಲೇ ಹೇಳಿದೆ.

(ಮೈಸೂರು ಕಡೆಯವರಿಗಾಗಿ ಒಂದು ಮಾತು. ಪುಂಡಿ ಎಂದರೆ ನಮ್ಮ ಕಡೆಯ ಹುಳಿ ಸೊಪ್ಪು. ಜೋಳದ ನುಚ್ಚು ಹಾಕಿ ಪಲ್ಯ ಮಾಡಿ, ಮೇಲೆ ಎಣ್ಣೆ ಬಿಟ್ಟುಕೊಂಡು ರೊಟ್ಟಿಯ ಜೊತೆ ತಿಂದರೆ ಹೊಟ್ಟೆ ಸಾಕು ಎಂದರೂ ಬಾಯಿ ಬಿಡುವುದಿಲ್ಲ. ಎಲೆ ಮೇಲೆ ಹೇಳಿದ ಹಾಗೆಯೇ ಇರುತ್ತದೆ. ಇನ್ನೊಂದು ಗಿಡದ ಎಲೆಯೂ ಹಾಗೆಯೇ ಇರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಚಿಲುಮೆ ಸೇದುವವರನ್ನು ನೋಡಿದ್ದೆ, ಚಿಲುಮೆಯೊಳಗಿನದು ಗಿಡವಾಗಿದ್ದಾಗ ನೋಡಿರಲಿಲ್ಲ.)

ವಾಸನೆ ಸ್ವಲ್ಪ ಘಾಟಾಗಿತ್ತು, ಖರೆ. ಕಪ್ಪತಗುಡ್ಡದ ತುಂಬ ಔಷಧಿ ಗಿಡಗಳು. ಆ ಗಾಳಿಯೇ ಹಾಗೆ ಎಂದುಕೊಂಡೆ. ಬಿತ್ತಿದವರು ಯಾರು? ಹಕ್ಕಿ ಕಾಳು ಉದುರಿಸಿರಬೇಕು ಎಂದುಕೊಂಡೆ. ಹಕ್ಕಿ ಇಷ್ಟು ನೆಟ್ಟಗೆ ಸಾಲು ಹಿಡಿದು ಉದುರಿಸುತ್ತದೆಯೇ ಎಂದು ನೀವು ಈಗ ಕೇಳುತ್ತಿದ್ದೀರಿ. ನಾನು ಆಗ ಕೇಳಿಕೊಳ್ಳಲಿಲ್ಲ.

ನನ್ನ ಕಣ್ಣಿಗೆ ಕಂಡದ್ದು ಒಂದೇ: ಗಿಡಗಳ ಬುಡದಲ್ಲಿ ಕಸ. ನೋಡುವವರಿಲ್ಲದ ಬೆಳೆ. ನನ್ನಂಥವನ ಹೊಲದಲ್ಲಿ ಒಂದು ಗಿಡ ಅನಾಥವಾಗಿ ನಿಲ್ಲುವುದೆಂದರೇನು?

ಅಂದೇ ಕಸ ಕಿತ್ತೆ. ಮರುವಾರ ಹೋಗಿ ಬುಡಗಳಿಗೆ ಮಣ್ಣು ಏರಿಸಿದೆ. ಆಡುಗಳು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಹಚ್ಚಿದೆ. ಕೆಳಗೆ ನನ್ನ ಸ್ವಂತ ಶೇಂಗಾದಲ್ಲಿ ಕಸ ಮೊಳಕಾಲಿಗೆ ಬಂದಿತ್ತು. ಅದಕ್ಕೆ ಆಳು ಹಚ್ಚಿದ್ದೆ.

ಒಂದು ಸೋಜಿಗ ಹೇಳಬೇಕು. ಮುಂದಿನ ಸಲ ಹೋದಾಗ ಬೇಲಿಯಲ್ಲಿ ನಾನು ಬಿಟ್ಟಿದ್ದ ಸಂದಿಯನ್ನು ಯಾರೋ ಮುಚ್ಚಿದ್ದರು. ನನಗಿಂತ ಚೆನ್ನಾಗಿಯೇ ಮುಚ್ಚಿದ್ದರು. ಜಾಲಿಯ ಟೊಂಗೆಗೆ ನಾನು ಸಿಗಿಸಿ ಮರೆತಿದ್ದ ಕುಡಗೋಲು ಮಾತ್ರ ಇರಲಿಲ್ಲ. ಮನೆಗೆ ಬಂದು ಹೆಂಡತಿ ಶಾಂತವ್ವನಿಗೆ ಹೇಳಿದೆ, 'ನಮ್ಮ ಡೋಣಿ ಮಂದಿ ಇನ್ನೂ ಛಲೋ ಅದಾರ. ಕೇಳದನ ಬೇಲಿ ಕಟ್ಟಿ ಹೋಗ್ಯಾರ.'

'ಕುಡಗೋಲು?' ಎಂದಳು.

'ಅವಸರಕ್ಕ ಒಯ್ದಿರಬೇಕು. ತಂದಿಡ್ತಾರ.'

ಆ ದಿನ ಒಂದು ಹೊರೆ ಎಲೆ ತಂದಿದ್ದೆ. ಶಾಂತವ್ವ ಒಂದು ಎಲೆ ಮುರಿದು ಹಲ್ಲಿನಲ್ಲಿ ಕಚ್ಚಿ ಪಕ್ಕಕ್ಕೆ ಉಗುಳಿದಳು.

'ಇದು ಪುಂಡಿ ಅಲ್ರಿ. ಹುಳಿನ ಇಲ್ಲ.'

'ಗುಡ್ಡದ ನೆಲಾ. ಮಣ್ಣಿನ ಗುಣಾ ಹಂಗಿರತೈತಿ.'

'ಮಣ್ಣು ಬ್ಯಾರೆ ಆದ್ರ ಪುಂಡಿ ಹುಳಿ ಬಿಡತೈತೇನು?'

'ನೀ ಸುಮ್ಮನ ಮಾಡು. ಅಡಗಿ ಬರಂಗಿಲ್ಲಂದ್ರ ಎಲಿ ಮ್ಯಾಲ ಹಾಕಬ್ಯಾಡ.'

ಈ ಕೊನೆಯ ಮಾತನ್ನು ಆಡಬಾರದಿತ್ತು. ಆಕೆ ಪಲ್ಯ ಮಾಡಿದಳು. ತಾಟಿಗೆ ಹಾಕಿ, ತಾನು ಮೊಸರು ರೊಟ್ಟಿ ಹಿಡಿದು ಎದುರಿಗೆ ಕೂತು ನನ್ನನ್ನೇ ನೋಡತೊಡಗಿದಳು. ಒಂದು ತುತ್ತು ತಿಂದೆ. ಕಹಿ. ಒಗರು. ಹುಲ್ಲು ಮೆದ್ದ ಹಾಗೆ.

ಈಗ ನೀವೇ ಹೇಳಿ, ಗಂಡಸು ಏನು ಮಾಡಬೇಕು? 'ಭಾಳ ರುಚಿ ಆಗೇತಿ' ಎಂದು ಎರಡನೇ ಸಲ ಹಾಕಿಸಿಕೊಂಡೆ.

ಉಂಡು ಗಿರಣಿಗೆ ಬಂದೆ. ಮಧ್ಯಾಹ್ನ ಗಿರಣಿಯ ಬೆಲ್ಟು ತಿರುಗುವುದನ್ನು ನೋಡುತ್ತ ನಿಂತವನಿಗೆ ಅದು ಬಹಳ ಒಳ್ಳೆಯ ಬೆಲ್ಟು ಎನ್ನಿಸಿತು. ಇಷ್ಟು ವರ್ಷ ನನಗಾಗಿ ತಿರುಗಿದೆ, ಒಂದು ದಿನ ಅದನ್ನು ಮಾತಾಡಿಸಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು. ಮೋಟಾರು ಬಂದ್ ಮಾಡಿ ಬೆಲ್ಟಿನ ಮೇಲೆ ಕೈಯಾಡಿಸಿದೆ. ಗೋಧಿ ತಂದಿದ್ದ ಹೆಂಗಸೊಬ್ಬಳು 'ಯಣ್ಣಾ, ಕರೆಂಟ್ ಹೋತೇನು?' ಎಂದಳು. ಆ ಮಾತಿಗೆ ನಾನು ಎಷ್ಟು ನಕ್ಕೆನೆಂದರೆ, ಆಕೆ ಗೋಧಿ ಎತ್ತಿಕೊಂಡು ಇನ್ನೊಂದು ಗಿರಣಿಗೆ ಹೋದಳು. ಹೋಗುವವಳನ್ನು ನೋಡಿ ಮತ್ತೂ ನಕ್ಕೆ.

ಸಂಜೆ ಮನೆಯಲ್ಲಿ 'ಬಿಸಿಲಿಗೆ ಪಿತ್ತ ಏರೇತಿ' ಎಂದು ಹೇಳಿ ಮಲಗಿದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಶಾಂತವ್ವ ಉಳಿದ ಪಲ್ಯವನ್ನು ತಿಪ್ಪೆಗೆ ಸುರಿದಳು.

ಸುರಿದದ್ದು ಪಲ್ಯವನ್ನಲ್ಲ, ನನ್ನ ಮರ್ಯಾದೆಯನ್ನು. ಅದು ಪುಂಡಿಯೇ ಎಂದು ತಿಳಿದವರೊಬ್ಬರ ಬಾಯಿಂದ ಹೇಳಿಸಬೇಕು ಎಂದು ಹಟ ಬಂತು. ಯಾರ ಬಾಯಿಂದ? ಹವಾಲ್ದಾರ್ ಫಕ್ಕೀರಪ್ಪನವರು ನಮ್ಮ ಗಿರಣಿಗೆ ಜೋಳ ತರುವವರು. ಹರ್ತಿ ಊರಿನವರು. ಪುಂಡಿ ಪಲ್ಯ ಉಂಡು ಬೆಳೆದ ಜೀವ. ಸರಕಾರಿ ಮನುಷ್ಯ ಬೇರೆ. ಅವರ ಮಾತಿಗೆ ತೂಕ.

ಹೀಗೆ ನನ್ನ ನ್ಯಾಯಾಧೀಶರನ್ನು ನಾನೇ ಆರಿಸಿಕೊಂಡೆ.

ಅವರು ಬಂದ ದಿನ ಕೂಡ್ರಿಸಿ, ಚಹಾ ತರಿಸಿ, ಸಿವುಡು ಕೈಗಿಟ್ಟು, ಮೊದಲೇ ಹೇಳಿದ ಅಡುಗೆಯ ಪಾಠ ಒಪ್ಪಿಸಿದೆ. ಅವರು ಮೂಸಿ ನೋಡಿದರು. ಚಹಾ ಕೆಳಗಿಟ್ಟರು. ಮತ್ತೊಮ್ಮೆ ಮೂಸಿದರು.

'ಕಾಕಾ, ಇದನ್ನ ಎಲ್ಲಿ ಕಿತ್ತೀರಿ?'

'ನಮ್ಮ ಹೊಲದಾಗ್ರಿ. ಸ್ವಂತ ದುಡಿಮಿ.'

'ಭಾಳ ಐತೇನು?'

'ನಿಮಗ ಎಷ್ಟು ಬೇಕು ಹೇಳ್ರಿ. ಚಕ್ಕಡಿ ತುಂಬತೈತಿ.'

'ಯಾರ‍್ಯಾರಿಗೆ ಕೊಟ್ಟೀರಿ?'

'ಮೊದಲ ನಿಮಗರಿ. ಛಲೋ ಅಂದ್ರ ಸಾಹೇಬ್ರ ಮನಿಗೂ ಕೊಡೂಣು.'

ಹವಾಲ್ದಾರರು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. 'ನಡೀರಿ ಕಾಕಾ, ಆ ಜಾಗಾ ಒಮ್ಮೆ ತೋರಸ್ರಿ' ಎಂದರು. ಇನ್ನೊಂದು ಹೊರೆ ಬೇಕಾಗಿದೆ ಎಂದು ನಾನು ಖುಷಿಯಿಂದ ಗಿರಣಿ ಮುಚ್ಚಿದೆ. ಅವರು ಆಚೆ ಹೋಗಿ ಫೋನಿನಲ್ಲಿ ಮಾತಾಡಿದರು. ಜೀಪು ಬಂತು. ಜೀಪಿನಲ್ಲಿ ಇಬ್ಬರು ಪೇದೆಗಳ ಜೊತೆ ಪಿಎಸ್ಐ ಮೇಡಂ ಕೂತಿದ್ದರು. ಮೈಸೂರು ಕಡೆಯವರು, ಹೊಸದಾಗಿ ಬಂದವರು. ಮುಂದಿನ ಸೀಟು ನನಗೆ ಕೊಡಲಿಲ್ಲವೆಂದು ಸ್ವಲ್ಪ ಬೇಸರವಾಯಿತು.

ಅಂದು ಶಾಂತವ್ವ ಕೆಳಗಿನ ಹೊಲದಲ್ಲಿ ಆಳು ಹೆಂಗಸರ ಜೊತೆ ಕಸ ತೆಗೆಯುತ್ತಿದ್ದಳು. ಜೀಪು ಕಂಡು ಎಲ್ಲರೂ ಮೇಲೆ ಬಂದರು. ಮೇಡಂ ಗಿಡಗಳನ್ನು ನೋಡಿ ಒಂದೇ ಮಾತು ಹೇಳಿದರು.

'ಇದು ಗಾಂಜಾ.'

'ಅಲ್ರಿ ಮೇಡಂ, ಪುಂಡಿ.'

'ಪುಂಡಿ ಅಂದ್ರೆ?'

ಗೆದ್ದೆ ಎಂದುಕೊಂಡೆ. ಪುಂಡಿ ಎಂದರೇನೆಂದೇ ತಿಳಿಯದವರು ನನಗೆ ಗಿಡ ಗುರುತಿಸಲು ಕಲಿಸುತ್ತಾರೆಯೇ? ಪುಂಡಿಯ ನಾರಿನಿಂದ ಹಗ್ಗ ಹೊಸೆಯುವುದರಿಂದ ಹಿಡಿದು ನುಚ್ಚು ಎಷ್ಟು ಹಾಕಬೇಕು ಎಂಬಲ್ಲಿಯವರೆಗೆ ವಿವರಿಸಿದೆ. ಮೇಡಂ ಪೂರ್ತಿ ಕೇಳಿದರು. ಆಮೇಲೆ ಕೇಳಿದರು, 'ಕಳೆ ಕಿತ್ತಿದ್ದು ಯಾರು?'

'ನಾನರಿ.'

'ಬುಡಕ್ಕೆ ಮಣ್ಣು ಹಾಕಿದ್ದು?'

'ನಾನರಿ. ನೋಡ್ರಿ, ಒಂದು ಗಿಡಾನೂ ವಾಲಿಲ್ಲ.'

'ಬೇಲಿ?'

'ಅದೂ ನಾನ.'

ಹವಾಲ್ದಾರರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. 'ಕಾಕಾ, ಬಾಯಿ ಮುಚ್ಚರಿ. ಇದು ಖರೇನ ಗಾಂಜಾ. ನೀವು ನಾ ಮಾಡೀನಿ, ನಾ ಮಾಡೀನಿ ಅಂದಂಗ ಕೇಸ್ ಗಟ್ಟಿ ಆಗಾಕತ್ತೇತಿ. ಬೆಳದಾಂವ ನೀವ ಅಂತ ಆದ್ರ ಗಿರಣಿಗೆ ಕೀಲಿ ಬೀಳತೈತಿ, ನೀವು ಒಳಗ.'

ಜೀವನದಲ್ಲಿ ಮೊದಲ ಸಲ, ಮಾಡಿದ ಕೆಲಸವನ್ನು ಮಾಡಿಲ್ಲ ಎನ್ನಬೇಕಾಗಿತ್ತು. ಆದರೆ ಎಲ್ಲವನ್ನೂ ಹೇಳಿ ಆಗಿತ್ತು. ಉಳಿದದ್ದು ಒಂದೇ ದಾರಿ: ಗಿಡ ಗೊತ್ತಾಗದೆ ಮಾಡಿದೆ ಎನ್ನುವುದು. ಅದನ್ನು ಹೇಳಲು ಬಾಯಿ ತೆರೆದರೆ ನಾಲಿಗೆ ಹೊರಳದು. ಎದುರಿಗೆ ಆಳು ಹೆಂಗಸರು ಸಾಲಾಗಿ ನಿಂತಿದ್ದಾರೆ. ಸುದ್ದಿ ಸಂಜೆಯೊಳಗೆ ಡೋಣಿ ಮುಟ್ಟುತ್ತದೆ, ನಾಳೆ ಮುಂಜಾನೆ ಮುಂಡರಗಿ.

'ಗೊತ್ತಿಲ್ಲದೆ ಇಷ್ಟೆಲ್ಲ ಯಾರು ಮಾಡ್ತಾರೆ?' ಎಂದು ಮೇಡಂ ಜೀಪಿನ ಕಡೆ ಕೈ ಮಾಡಿದರು.

ಆಗ ಶಾಂತವ್ವ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದಳು.

'ಮೇಡಮ್ಮಾರ, ಇವರು ಇದನ್ನ ಪಲ್ಯಾ ಮಾಡಿಸಿ ತಿಂದಾರ್ರಿ.'

ಮೇಡಂ ತಿರುಗಿದರು. 'ತಿಂದ್ರಾ?'

'ರೊಟ್ಟಿ ಜೋಡಿ. ಎರಡ ಸಲ ಹಾಕಿಸ್ಕೊಂಡು. ಇದು ಪುಂಡಿ ಅಲ್ಲ, ಹುಳಿ ಇಲ್ಲ ಅಂತ ನಾ ಬಡಕೊಂಡೆ. ನಿನಗ ಅಡಗಿ ಬರಂಗಿಲ್ಲ ಅಂದ್ರು. ಆಮ್ಯಾಲ ಗಿರಣ್ಯಾಗ ಬೆಲ್ಟಿಗೆ ಮುದ್ದು ಮಾಡಿ, ಗಿರಾಕಿ ಓಡಿಸಿ, ಮನಿಗೆ ಬಂದು ಪಿತ್ತ ಅಂತ ಮಲಗಿದ್ರು.'

(ಬೆಲ್ಟಿನ ವಿಷಯ ಆಕೆಗೆ ಹೇಗೆ ಗೊತ್ತು? ಆ ಗೋಧಿಯ ಹೆಂಗಸು ಇನ್ನೊಂದು ಗಿರಣಿಗೆ ಮಾತ್ರ ಹೋಗಿರಲಿಲ್ಲ.)

ಮೇಡಂ ಗುಡ್ಡದ ಕಡೆ ಮುಖ ತಿರುಗಿಸಿ ನಿಂತರು. ಭುಜಗಳು ಅಲುಗಾಡುತ್ತಿದ್ದವು. ಹವಾಲ್ದಾರರು ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡರು. 'ಮಾರೂ ಮಂದಿ ಇದನ್ನ ಪಲ್ಯಾ ಮಾಡಿ ಉಣ್ಣಂಗಿಲ್ರಿ ಮೇಡಂ. ಹವಾಲ್ದಾರಗೂ ಸಿವುಡು ಕಟ್ಟಿ ಕೊಡಂಗಿಲ್ರಿ' ಎಂದರು.

ಮೇಡಂ ಮುಖ ನೆಟ್ಟಗೆ ಮಾಡಿಕೊಂಡು ಈ ಕಡೆ ತಿರುಗಿದರು. 'ನಿಮ್ಮ ಹೆಂಡ್ತಿ ಹೇಳಿದ್ದು ನಿಜಾನಾ? ನೀವೇ ಹೇಳಿ. ಎಲ್ರಿಗೂ ಕೇಳೋ ಹಾಗೆ.'

ಗಿರಣಿಯ ಕಲ್ಲು ಎತ್ತಿದ್ದೇನೆ. ಕ್ವಿಂಟಲ್ ಚೀಲ ಬೆನ್ನಿಗೆ ಹಾಕಿ ನಡೆದಿದ್ದೇನೆ. ಆ ಮಾತಿನಷ್ಟು ಭಾರವಾದದ್ದನ್ನು ಎತ್ತಿರಲಿಲ್ಲ.

'ಖರೆರಿ. ಆಕಿ ಹೇಳಿದ್ದ ಖರೆ. ನನಗ ಪುಂಡಿ ಗುರ್ತಾಗಲಿಲ್ಲ.'

'ಮತ್ತ ಅಡಗಿ?' ಎಂದಳು ಶಾಂತವ್ವ.

'ನಿನಗ ಅಡಗೀನೂ ಬರತೈತಿ.'

ಆಳು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬಾಕೆ ಅಲ್ಲೇ ಕೂತುಬಿಟ್ಟಳು.

ಅಲ್ಲಿಗೆ ಮುಗಿಯಲಿಲ್ಲ. ಹೇಳಿಕೆಗೆ ಠಾಣೆಗೆ ಹೋಗಿ ಬಂದೆ. ಕರೆದಾಗ ಮತ್ತೆ ಬರಬೇಕು ಎಂದಿದ್ದಾರೆ, ಹೋಗುತ್ತೇನೆ. ಅಂದು ಪೇದೆಗಳು ಗಿಡ ಕೀಳುವಾಗ ತುದಿ ಹಿಡಿದು ಜಗ್ಗುತ್ತಿದ್ದರು. ನೋಡಲಾರದೆ 'ಹಂಗಲ್ಲೋ ತಮ್ಮಾ, ಬುಡಕ್ಕ ಕೈ ಹಾಕು' ಎಂದೆ. ಮೇಡಂ ನನ್ನನ್ನು ಒಮ್ಮೆ ನೋಡಿದರು. ನಾನು ಗುಡ್ಡ ನೋಡಿದೆ.

ಬೆಳೆದವನು ಇನ್ನೂ ಸಿಕ್ಕಿಲ್ಲ. ಯಾರೋ ಏನೋ. ಆದರೆ ಒಂದು ತಿಳಿಯಿತು. ನಾವು ನೋಡದೆ ಬಿಟ್ಟ ಜಾಗ ಖಾಲಿ ಇರುತ್ತದೆ ಎಂಬುದು ನಮ್ಮ ಭ್ರಮೆ. ನಾವು ಕಾಲಿಡದ ಕಡೆ ಇನ್ನೊಬ್ಬ ದಾರಿ ಮಾಡಿಕೊಂಡಿರುತ್ತಾನೆ. ಊರ ಹೊರಗಿನ ಹಾಳು ಗೋದಾಮು, ಹಳ್ಳದ ಆಚೆಯ ಪೊದೆ, ಯಾರೂ ಇಣುಕದ ಗುಡ್ಡದ ಮಗ್ಗುಲು. ಹೆಂಡತಿ ಹೇಳುವ ಮಾತನ್ನೂ ನಾನು ಹೀಗೆಯೇ ಪಡಾ ಬಿಟ್ಟಿದ್ದೆನಲ್ಲ? ಈಗ ನಮ್ಮ ಮನೆಯಲ್ಲಿ ಯಾವ ಸೊಪ್ಪು ಬಂದರೂ ಮೊದಲ ಎಲೆ ಆಕೆಯ ಹಲ್ಲಿಗೆ. ಕೊತ್ತಂಬರಿಯೂ.

ಮೊನ್ನೆ ಆ ತುಂಡಿಗೆ ಹೋಗಿದ್ದೆ, ಜಾಲಿ ಕಡಿಸಲು. ಬಾಂದುಗಲ್ಲಿನ ಮೇಲೆ ನನ್ನ ಕುಡಗೋಲು ಇತ್ತು. ಸಾಣೆ ಹಿಡಿದು ಫಳಫಳ ಹೊಳೆಯುತ್ತಿತ್ತು. ಸಡಿಲಾಗಿದ್ದ ಹಿಡಿಕೆ ತೆಗೆದು ಹೊಸದು ಕೂರಿಸಿದ್ದರು. ನೇರ ಒಯ್ದು ಹವಾಲ್ದಾರರ ಮುಂದಿಟ್ಟೆ.

'ಕಾಕಾ, ಕೈ ಮುಗೀತೀನಿ, ಇನ್ನ ನನಗ ಏನೂ ತಂದು ಕೊಡಬ್ಯಾಡ್ರಿ' ಎನ್ನುತ್ತಲೇ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರು.

ಮನೆಗೆ ಬಂದು ಶಾಂತವ್ವನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, 'ಪಾಪ, ಕಸಾ ತಗದದ್ದಕ್ಕ ಪಗಾರ ಕೊಟ್ಟಾನ' ಎಂದಳು.

ಇಷ್ಟು ವರ್ಷ ಮೈ ಮುರಿದು ದುಡಿದಿದ್ದೇನೆ, ನನ್ನ ಕೆಲಸವನ್ನು ಬಾಯಿಬಿಟ್ಟು ಹೊಗಳದಿದ್ದರೂ ಕೈಯಾರೆ ಮೆಚ್ಚಿದವನು ಇವನೊಬ್ಬನೇ ಆಗಬೇಕಿತ್ತೇ?