ಅವ್ವನನ್ನು ಕೂರಿಸಲಾಗದ ನೆಲ

“ತಪ್ಪು ತಿಳ್ಕೋಬೇಡಿ ಮೇಡಂ, ನೀವು ಯಾವ ಜನ?”

ಇಟ್ಟಮಡುವಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಮನೆಯೊಡತಿ ಜಯಮ್ಮ ಹೀಗೆ ಕೇಳಿದ್ದಕ್ಕೆ ನಾನು ಬೆಚ್ಚಿದೆ. ಇಲ್ಲಿ ‘ಜನ’ ಎಂದರೆ ಜಾತಿ. ಕಲಬುರಗಿ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನನ್ನು ಯಾರೂ ಇದನ್ನು ಕೇಳಿದ್ದಿಲ್ಲ. ನಾವು ಯಾವ ಓಣಿಯವರು ಎಂಬುದು ಎಲ್ಲರಿಗೂ ಗೊತ್ತಿದ್ದ ಮೇಲೆ ಕೇಳುವುದೇನು?

ನಾನು ತಡವರಿಸುತ್ತಿದ್ದಂತೆ ಜೊತೆಗೆ ಬಂದಿದ್ದ ಅವ್ವ ಸೆರಗಿನೊಳಗಿಂದ ಕೊರಳ ಇಷ್ಟಲಿಂಗವನ್ನು ತೆಗೆದು ತೋರಿಸಿದಳು.

“ಓ, ಲಿಂಗಾಯತ್ರಾ? ಸರಿ ಬಿಡಿ, ಮಾಂಸದ ತಾಪತ್ರಯ ಇರಲ್ಲ” ಎಂದು ಜಯಮ್ಮ ಬೀಗದ ಕೈ ಕೊಟ್ಟರು.

ಅವ್ವ ಸುಳ್ಳು ಹೇಳಿರಲಿಲ್ಲ. ನಮ್ಮದು ಹೊಲೆಯರ ಓಣಿ. ಜಾತಿಯಿಲ್ಲದ ಧರ್ಮ ಎಂದು ನಂಬಿ ನನ್ನ ಮುತ್ತಜ್ಜ ಒಬ್ಬ ಸ್ವಾಮಿಗಳಿಂದ ಲಿಂಗದೀಕ್ಷೆ ಪಡೆದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಮಾಂಸ ಬೇಯಲಿಲ್ಲ, ಲಿಂಗಪೂಜೆ ತಪ್ಪಲಿಲ್ಲ. ಊರು ಮಾತ್ರ ಬದಲಾಗಲಿಲ್ಲ. ಸತ್ತ ಮೇಲೂ ನಮ್ಮವರನ್ನು ಲಿಂಗಾಯತರ ಗೋರಿಗಳ ಹತ್ತಿರ ಬಿಡಲಿಲ್ಲ. ಹಳ್ಳದಾಚೆಯ ಬೇರೆ ಜಾಗದಲ್ಲೇ ಹೂಳಬೇಕಿತ್ತು.

ಹಾಗಾಗಿ ಬೆಂಗಳೂರು ನಮಗೆ ವಿಚಿತ್ರವಾಗಿ ಕಂಡಿತು. ಇಲ್ಲಿ ಜಾತಿ ಕೇಳುತ್ತಾರೆ, ಆದರೆ ಹೇಳಿದ್ದನ್ನು ನಂಬುತ್ತಾರೆ! ನಾನು ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದೆ. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಮೊದಮೊದಲು ಮಹಡಿಯಿಂದ ಗೊಣಗುತ್ತಿದ್ದ ಜಯಮ್ಮ, ಕೆಲವೇ ವಾರಗಳಲ್ಲಿ ತಟ್ಟೆ ಹಿಡಿದು ಇಳಿದು ಬಂದರು. “ನಾವು ಇದೇ ನೆಲದಲ್ಲಿ ರಾಗಿ ಬೆಳೀತಿದ್ವಿ ಕಣಮ್ಮ. ಈಗ ನೋಡಿ, ರಾಗಿ ಹಿಟ್ಟೂ ಪ್ಯಾಕೆಟ್ಟಲ್ಲೇ ಬರುತ್ತೆ” ಎನ್ನುತ್ತಾ ನಮ್ಮ ಅಡುಗೆಮನೆಯಲ್ಲೇ ಕೂತು ಉಂಡರು. ಊರಿನಲ್ಲಿ ನಮ್ಮ ಮನೆಯ ರೊಟ್ಟಿಯನ್ನು ಬೇರೆ ಓಣಿಯವರು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಅವರು ಹೋದ ಮೇಲೆ ಅವ್ವ ಅವರು ಬಿಟ್ಟುಹೋದ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು.

ಗಿರಿನಗರದ ಶಾಂತಕ್ಕನ ಮನೆಯಲ್ಲಿ ಪ್ರತಿ ಸೋಮವಾರ ಉತ್ತರ ಕರ್ನಾಟಕದ ಲಿಂಗಾಯತ ಹೆಂಗಸರು ಸೇರಿ ವಚನ ಹಾಡುತ್ತಿದ್ದರು. ಜಯಮ್ಮನೇ ಅವ್ವನಿಗೆ ಆ ಮನೆ ತೋರಿಸಿದರು. ಅವ್ವನದು ತುಂಬು ಕಂಠ. ಎರಡೇ ತಿಂಗಳಲ್ಲಿ “ನೀವ ಸುರು ಮಾಡ್ರಿ ಅಕ್ಕಾರ” ಎಂದು ಎಲ್ಲರೂ ಅವಳಿಗಾಗಿ ಕಾಯುವಂತಾಯಿತು. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆಯಾಗಿತ್ತು.

ಒಂದು ಸೋಮವಾರ ಶಾಂತಕ್ಕನ ನಾದಿನಿ ಬಂದಿದ್ದಳು. ಅವಳದೂ ನಮ್ಮದೇ ತಾಲ್ಲೂಕು. ಯಾವ ಊರು, ಯಾವ ಓಣಿ ಎಂದು ಅವಳು ಕೇಳಿದಳು, ಅವ್ವ ಹೇಳಿಬಿಟ್ಟಳು.

“ಯಾಕ ಹೇಳಿದಿಬೇ?” ಎಂದು ನಾನು ಸಿಟ್ಟಾದೆ.

“ಕೊರಳಾಗ ಲಿಂಗ ಕಟ್ಟಿಕೊಂಡು ಸುಳ್ಳ ಹೆಂಗ ಹೇಳ್ಲಿ?” ಎಂದಳು.

ಮುಂದಿನ ಸೋಮವಾರ ಹೋದಾಗ ಶಾಂತಕ್ಕ ಬಾಗಿಲಲ್ಲೇ ನಿಂತು, ಮೈಗೆ ಹುಷಾರಿಲ್ಲ, ಇವತ್ತು ಪ್ರಾರ್ಥನೆ ಇಲ್ಲ ಎಂದರಂತೆ. ಒಳಗಿನಿಂದ ಹಾಡು ಕೇಳುತ್ತಿತ್ತಂತೆ. ಅವ್ವ ಮನೆಗೆ ಬಂದು ಅದೇ ವಚನವನ್ನು ಒಬ್ಬಳೇ ಕೊನೆಯವರೆಗೂ ಹಾಡಿದಳು. ಮತ್ತೆ ಆ ಕಡೆ ಹೋಗಲಿಲ್ಲ.

ಲ್ಯಾಬಿನ ಗೆಳತಿ ಸ್ಟೆಲ್ಲಾಳಿಗೆ ಇದನ್ನು ಹೇಳಿದೆ. ಅವಳು ತಮಿಳುನಾಡಿನ ಹಳ್ಳಿಯೊಂದರ ಕ್ರೈಸ್ತಳು. “ನಮ್ಮೂರಲ್ಲಿ ದೇವರು ಒಬ್ಬನೇ, ಚರ್ಚೂ ಒಂದೇ ಕಣೆ. ಆದ್ರೆ ಸ್ಮಶಾನದ ಮಧ್ಯ ಗೋಡೆ ಇದೆ. ನಮ್ಮ ತಾತ ಗೋಡೆಯ ಈ ಕಡೆ” ಎಂದಳು. ಅವಳ ಧರ್ಮ ಸಮುದ್ರ ದಾಟಿ ಬಂದದ್ದು, ನಮ್ಮದು ಇದೇ ಮಣ್ಣಿನದು. ಎರಡೂ ಊರೊಳಗೆ ಕಾಲಿಟ್ಟಾಗ ಊರಿನ ಕಟ್ಟಳೆಗೆ ತಲೆಬಾಗಿದ್ದವು.

ಆ ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂದು ಎದೆಗಿಳಿಯಿತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, “ಊರಿಗೆ ಒಯ್ಯಬ್ಯಾಡ. ಹಳ್ಳದಾಚಿ ಬ್ಯಾಡ. ಇಲ್ಲೇ ಎಲ್ಲಾರ ಜೋಡಿ ಕುಂಡರಸು” ಎಂದಳು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತಂತೆ ಕೂರಿಸಿ ಹೂಳುತ್ತಾರೆ. ಮರುದಿನ ಬೆಳಿಗ್ಗೆ ಅವಳು ಹೋದಳು.

ಸಮಾಜದ ರುದ್ರಭೂಮಿ, ಅಂದರೆ ಲಿಂಗಾಯತರ ಸ್ಮಶಾನ, ನೋಡಿಕೊಳ್ಳುವವರು ಫೋನಿನಲ್ಲಿ ಮೃದುವಾಗಿಯೇ ಮಾತಾಡಿದರು. “ನಮ್ಮೋರು ಅಂತ ಯಾರಾದ್ರೂ ಒಬ್ರು ಹೇಳಿದ್ರೆ ಸಾಕಮ್ಮ.” ನಾನು ಶಾಂತಕ್ಕನಿಗೆ ಫೋನ್ ಮಾಡಿ, ಹೊಲೆಯರ ಓಣಿಯವಳಾದರೂ ಅವ್ವ ನಿಮ್ಮವಳೇ ಎಂದು ಒಂದು ಮಾತು ಹೇಳಿ ಎಂದು ಕೇಳಿಕೊಂಡೆ. ಅವರು ಅತ್ತರು. ನಿಜವಾಗಿಯೇ ಅತ್ತರು.

“ನನಗ ನಿಮ್ಮವ್ವ ಅಂದ್ರ ಭಾಳ ಜೀವ ಇತ್ತವಾ. ಆದರ ಮಗಳಿಗಿ ಸಂಬಂಧ ನೋಡಾಕತ್ತೀವಿ. ನಾಳಿ ಯಾರರೆ ಕೇಳಿದ್ರ ನಾ ಏನ್ ಹೇಳ್ಲಿ?”

ಹಿಂದೆ ನಿಂತಿದ್ದ ಜಯಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ವ್ಯಾನಿಗೆ ಅವರೇ ಹೇಳಿದರು, ಹೂವನ್ನೂ ತರಿಸಿದರು. ಸ್ವಲ್ಪ ಹೊತ್ತಿಗೆ ನನಗೆ ಕಾಫಿ ತಂದುಕೊಟ್ಟರು. ಯಾವಾಗಲೂ ಅವರ ಸ್ಟೀಲ್ ಲೋಟದಲ್ಲಿ ಬರುತ್ತಿದ್ದ ಕಾಫಿ ಅಂದು ಪೇಪರ್ ಕಪ್ಪಿನಲ್ಲಿತ್ತು. ಸಾವಿನ ಮನೆಯೆಂದೋ, ಬೇರೆ ಕಾರಣಕ್ಕೋ ಗೊತ್ತಿಲ್ಲ. ಕುಡಿದೆ.

ಕೊನೆಗೆ ಸಾರ್ವಜನಿಕ ಸ್ಮಶಾನಕ್ಕೇ ಹೋದೆವು. ಗುಂಡಿ ತೋಡುವವನು, “ಇಲ್ಲಿ ಕೂರ್ಸೋ ಅಷ್ಟು ಆಳ ಹೋಗಲ್ಲ ಅಕ್ಕ, ಕೆಳಗೆ ಬಂಡೆ. ಮಲಗಿಸಬೇಕು” ಎಂದ. ಮಂತ್ರ ಹೇಳಲು ಅಯ್ಯನವರು ಯಾರೂ ಇರಲಿಲ್ಲ. ಅವ್ವನ ಎಡಗೈ ಬಿಡಿಸಿ ಲಿಂಗವನ್ನು ನಾನೇ ಇಟ್ಟೆ. ಬೆರಳುಗಳು ಬಿಗಿದಿದ್ದವು, ಸ್ಟೆಲ್ಲಾ ಹಿಡಿದುಕೊಂಡಳು. ಅವಳು ತನಗೆ ಗೊತ್ತಿದ್ದ ಪ್ರಾರ್ಥನೆ ಹೇಳಿದಳು. ನನಗೆ ಒಂದು ವಚನವೂ ಬಾಯಿಗೆ ಬರಲಿಲ್ಲ.

ನಾನು ಈಗಲೂ ಇಟ್ಟಮಡುವಿನಲ್ಲೇ ಇದ್ದೇನೆ. ಜಯಮ್ಮ ಮನೆ ಖಾಲಿ ಮಾಡಿ ಎನ್ನಲಿಲ್ಲ. ಕೆಳಗಿಳಿದು ಬರುವುದು ಮಾತ್ರ ನಿಂತಿದೆ. ಮೊನ್ನೆ ಊರಿನಿಂದ ಸೋದರಮಾವ ಫೋನ್ ಮಾಡಿದ್ದ.

“ಅಕ್ಕನ್ನ ಇಲ್ಲಿಗಿ ತರಬೇಕಿತ್ತು ನೀ. ಜಾಗಾ ಬ್ಯಾರೇನ ಇರಲಿ, ಕುಂಡರಸಿ ಮಣ್ಣ ಕೊಡ್ತಿದ್ವಿ. ನಮ್ಮಪ್ಪನ ಮಗ್ಗಲಾಗ ಇರ್ತಿದ್ಲು. ಅಲ್ಲಿ ಆಕಿ ಮಗ್ಗಲಾಗ ಯಾರದಾರ?”

ಅವ್ವನ ಆಚೆ ಈಚೆ ಇರುವವರ ಹೆಸರೂ ನನಗೆ ಗೊತ್ತಿಲ್ಲ. “ಎಲ್ಲಾ ಜನಾನೂ ಅದಾರ ಮಾವಾ” ಎಂದೆ.