ಹೆಂಡತಿಯ ಕಾಲು ಮುಟ್ಟಿ ನೋಡಿದ್ದು

ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಸಿದ್ದಗಂಗ ಚಳಿ ಎಂದಳು.

ಏಪ್ರಿಲ್ ತಿಂಗಳಲ್ಲಿ, ಅದೂ ಮಧುಗಿರಿಯಲ್ಲಿ, ಚಳಿ ಎಂದರೆ ಯಾರು ನಂಬುತ್ತಾರೆ? ನಾನು ನಕ್ಕೆ. ಅಂಗನವಾಡಿಗೆ ಹೋಗಲು ಮನಸ್ಸಿಲ್ಲದಿದ್ದರೆ ಹಾಗಂತ ಹೇಳು ಎಂದು ಕಿಚಾಯಿಸಿದೆ. ಅವಳು ಅಲ್ಲಿ ಟೀಚರ್. ಸುಮ್ಮಸುಮ್ಮನೆ ರಜೆ ಹಾಕುವ ಜಾತಿಯೇ ಅಲ್ಲ. ನಾನು ಕೊರಟಗೆರೆ–ಪಾವಗಡ ಖಾಸಗಿ ಬಸ್ಸಿನ ಕಂಡಕ್ಟರ್. ಬಾಯಿ ಸ್ವಲ್ಪ ಜಾಸ್ತಿ. ಅಂದು ನನಗೆ ವಾರದ ರಜೆ ಇದ್ದದ್ದು ನಮ್ಮ ಪುಣ್ಯ.

ಹತ್ತು ಗಂಟೆಗೆ ಹಲ್ಲು ಕಟಕಟಿಸುವಷ್ಟು ನಡುಕ. ಎರಡು ದಿನದಿಂದ ಉರಿಮೂತ್ರ ಇತ್ತಂತೆ, ಹೇಳಿರಲಿಲ್ಲ. ಶುಗರ್ ಬೇರೆ. ಮಧ್ಯಾಹ್ನ ನೀರು ಕೊಡಲು ಹೋದರೆ ನನ್ನನ್ನು ಯಾರೋ ಅಪರಿಚಿತನಂತೆ ನೋಡಿ, ಬಸ್ಸು ಬಂತಾ ಎಂದು ಕೇಳಿದಳು. ಎದ್ದು ನಿಂತಳು. ಹಾಗೇ ಕುಸಿದಳು.

ಊರಿನ ಆಸ್ಪತ್ರೆಯಲ್ಲಿ ನರ್ಸ್ ಎರಡು ಸಲ ಬಿಪಿ ನೋಡಿದರು. ಎಪ್ಪತ್ತು, ನಲವತ್ತು. ಸಲೈನ್ ಏರಿಸಿ, ಆಂಬುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದರು. ದಾರಿಯ ಒಂದೊಂದು ಸ್ಟಾಪೂ ನನಗೆ ಗೊತ್ತು. ಆ ದಿನ ಯಾವುದೂ ಕಾಣಲಿಲ್ಲ.

ಅಲ್ಲಿನ ಐಸಿಯುನಲ್ಲಿ ಶಿರಾ ಕಡೆಯ ಒಬ್ಬ ಡಾಕ್ಟರಮ್ಮ ಇದ್ದರು. ವಯಸ್ಸು ನನ್ನ ಮಗಳಷ್ಟು. ಮೂತ್ರದ ಸೋಂಕು ರಕ್ತಕ್ಕೆ ಸೇರಿದೆ, ಇದಕ್ಕೆ ಸೆಪ್ಟಿಕ್ ಶಾಕ್ ಅನ್ನುತ್ತಾರೆ, ರಕ್ತನಾಳಗಳೆಲ್ಲ ಸಡಿಲಾಗಿ ಬಿಪಿ ನಿಲ್ಲುತ್ತಿಲ್ಲ ಎಂದು ವಿವರಿಸಿದರು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ನಳಿಕೆ ಹಾಕಿ ಬಿಪಿ ಏರಿಸುವ ಔಷಧಿ ಶುರು ಮಾಡಿದರು. ಮೂತ್ರಕ್ಕೆ ಟ್ಯೂಬು, ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕು. ಅವಳ ತಾಳಿಯನ್ನೂ ಇಷ್ಟಲಿಂಗವನ್ನೂ ಒಂದು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಬದುಕುತ್ತಾಳಾ ಎಂದು ಕೇಳಿದೆ.

"ಇವತ್ತು ನಾಳೆ ಕಳೀಲಿ ಯಜಮಾನ್ರೇ."

ಮಾರನೆಯ ದಿನ ಮೆಷಿನ್ನಿನಲ್ಲಿ ಬಿಪಿ ನೂರು ದಾಟಿತ್ತು. ನನಗೆ ಕುಣಿಯುವಷ್ಟು ಖುಷಿ. ಡಾಕ್ಟರಮ್ಮ ನನ್ನ ಉತ್ಸಾಹಕ್ಕೆ ತಣ್ಣೀರು ಎರಚಿದರು. ಅದು ಔಷಧಿ ಹಿಡಿದು ನಿಲ್ಲಿಸಿರುವ ನಂಬರ್ ಅಷ್ಟೇ. ಮೈಯ ಕೊನೆಯವರೆಗೂ ರಕ್ತ ಹೋಗುತ್ತಿದೆಯೇ ಎನ್ನುವುದು ಬೇರೆ ಮಾತು. ಅವರು ಸಿದ್ದಗಂಗಳ ಬೆರಳ ತುದಿಯನ್ನು ಒತ್ತಿ ಹಿಡಿದು ಬಿಟ್ಟರು. ಬೆಳ್ಳಗಾದ ಜಾಗ ಮತ್ತೆ ಕೆಂಪಾಗಲು ಐದಾರು ಎಣಿಸಬೇಕಾಯಿತು. ಮೂರರೊಳಗೆ ಬರಬೇಕಂತೆ. ಮಂಡಿಯ ಮೇಲೆ ನೀಲಿ ಬಲೆ ಹಾಸಿದ ಹಾಗೆ ಕಲೆ. ಪಾದ ತಣ್ಣಗೆ. ಮೂತ್ರ ಗಂಟೆಗೆ ಹತ್ತು ಎಂಎಲ್ಲೂ ಇಲ್ಲ.

ನನಗೆ ಚೆನ್ನಾಗಿ ಅರ್ಥವಾಯಿತು. ಬಸ್ಸು ಸ್ಟ್ಯಾಂಡಿನಿಂದ ಹೊರಟರೆ ಸಾಲದು, ಕೊನೆಯ ಹಳ್ಳಿಗೂ ಮುಟ್ಟಬೇಕು.

ಆ ಸಂಜೆ ಬುಕ್ಕಾಪಟ್ಟಣದಿಂದ ನನ್ನ ಅಕ್ಕ ಪುಟ್ಟಮ್ಮ ಬಂದಳು. ಐದು ಗಂಟೆಗೆ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಅವಳು ಹೋಗಿ ಬಂದ ಮೇಲೆ ನಾನು ಒಳಗಿದ್ದಾಗ ಡಾಕ್ಟರಮ್ಮ ರೌಂಡ್ಸಿಗೆ ಬಂದು, ಪಾದ ಮುಟ್ಟಿ, ಮುಖ ಅರಳಿಸಿದರು. ಬೆಚ್ಚಗಿದೆ, ರಕ್ತದ ರಿಪೋರ್ಟ್ ಬರಲಿ, ಔಷಧಿ ಸ್ವಲ್ಪ ಇಳಿಸಿ ನೋಡೋಣ ಎಂದರು. ನಾನು ಹೊರಗೆ ಬಂದು ಮಗಳಿಗೆ ಫೋನ್ ಮಾಡಿ ಅತ್ತೇಬಿಟ್ಟೆ.

ಅರ್ಧ ಗಂಟೆಯಲ್ಲಿ ನನ್ನನ್ನು ಒಳಗೆ ಕರೆಸಿದರು. ಮೈಗೆ ರಕ್ತ ಸಾಲದಿದ್ದರೆ ಏರುವ ಲ್ಯಾಕ್ಟೇಟ್ ಎಂಬ ಅಂಶ ರಿಪೋರ್ಟಿನಲ್ಲಿ ಇಳಿಯುವ ಬದಲು ಏರಿತ್ತು. ಮಂಡಿಯ ಕಲೆ ಹಾಗೇ ಇತ್ತು. ಪಾದ ಮಾತ್ರ ಬೆಚ್ಚಗೆ. ಡಾಕ್ಟರಮ್ಮ ಬಗ್ಗಿ ಮೂಸಿದರು.

ಕರ್ಪೂರದೆಣ್ಣೆ.

ಅಕ್ಕ ಸೆರಗಿನ ಮರೆಯಲ್ಲಿ ಸೀಸೆ ತಂದು, ಇದ್ದ ಶಕ್ತಿಯೆಲ್ಲ ಹಾಕಿ ತಿಕ್ಕಿದ್ದಳು. ನಮ್ಮಲ್ಲಿ ಬಾಣಂತಿಯಾಗಲಿ ಮುದುಕಿಯಾಗಲಿ, ಅಂಗಾಲು ತಣ್ಣಗಾದರೆ ಮೊದಲು ಮಾಡುವುದೇ ಅದು. ಅವಳನ್ನು ದೂರಿ ಏನು ಪ್ರಯೋಜನ? ಆದರೂ ಡಾಕ್ಟರಮ್ಮ ಅವಳನ್ನು ಕರೆದು, ನಿಮ್ಮ ಎಣ್ಣೆಯನ್ನು ನಂಬಿ ನಾನು ಔಷಧಿ ಇಳಿಸಿಬಿಟ್ಟಿದ್ದರೆ ಏನು ಗತಿ ಎಂದು ಕೇಳಿದರು. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಅಕ್ಕ ಸೆರಗಿನಿಂದ ಸೀಸೆ ತೆಗೆದು ಅವರ ಕೈಗೆ ಕೊಟ್ಟಳು. ಔಷಧಿ ಇಳಿಸುವ ಬದಲು ಏರಿಸಿದರು. ಎದೆಯ ಸ್ಕ್ಯಾನ್ ನೋಡಿ ಇನ್ನೊಂದು ಸಲೈನೂ ಕೊಟ್ಟರು.

ನಾನೇನು ಮಾಡಲಿ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ ನನ್ನ ಕೈ ತಿರುಗಿಸಿ, ಬೆರಳುಗಳ ಹಿಂಬದಿಯನ್ನು ಹೆಂಡತಿಯ ಮಂಡಿಯಿಂದ ಕೆಳಕ್ಕೆ ಇಳಿಸಲು ಹೇಳಿದರು. ಎಲ್ಲಿಂದ ತಣ್ಣಗಾಗುತ್ತದೆ ಹೇಳಿ. ತಿಕ್ಕಬೇಡಿ, ಬರೀ ಮುಟ್ಟಿ. ನಾನೂ ನೋಡುತ್ತೇನೆ, ನೀವೂ ನೋಡಿ, ಭಯ ಕಡಿಮೆಯಾಗುತ್ತದೆ ಎಂದರು.

ಕೈ ಹಿಂದೆ ಸರಿಯಿತು. ನಮ್ಮಲ್ಲಿ ಹೆಂಡತಿ ಗಂಡನ ಕಾಲಿಗೆ ಬೀಳುತ್ತಾಳೆ, ಭೀಮನ ಅಮಾವಾಸ್ಯೆಗೆ ತಟ್ಟೆಯಲ್ಲಿಟ್ಟು ತೊಳೆಯುತ್ತಾಳೆ. ಗಂಡ ಅವಳ ಕಾಲು ಮುಟ್ಟಿದರೆ ಪಾಪ ಬರುವುದು ಅವಳಿಗೆ. ಒಮ್ಮೆ ಜಾಲಿಮುಳ್ಳು ಚುಚ್ಚಿದಾಗಲೂ ನನಗೆ ಮುಟ್ಟಗೊಡದೆ ಕುಂಟಿಕೊಂಡು ಪಕ್ಕದ ಮನೆಗೆ ಹೋಗಿದ್ದಳು ಪುಣ್ಯಾತ್ಗಿತ್ತಿ.

ಮುಟ್ಟಿದೆ. ಮೀನಖಂಡದ ಮಧ್ಯದಿಂದ ಕೆಳಗೆಲ್ಲ ತಣ್ಣಗಿತ್ತು.

ಬುಧವಾರ ಬಿಸಿ ಕಾಲಿನ ಹರಡಿನವರೆಗೂ ಬಂದು ಮುಟ್ಟಿತ್ತು. ಅಂದೇ ನರ್ಸ್ ಮೂತ್ರದ ಚೀಲ ತೋರಿಸಿ, ಗಂಟೆಗೆ ನಲವತ್ತು ಎಂಎಲ್ ಬರ್ತಾ ಐತೆ ಎಂದರು. ಮದುವೆಯ ಮೊದಲು ಅವಳ ಫೋಟೋ ನೋಡಿದಾಗಲೂ ನಾನು ಅಷ್ಟು ಹೊತ್ತು ನೋಡಿರಲಿಲ್ಲ. ಹೊರಗೆ ಬಂದು ಮೂತ್ರ ಬಂತು ಎಂದು ಘೋಷಿಸಿದೆ. ಗುರುತು ಪರಿಚಯವಿಲ್ಲದ, ಪಾವಗಡದ ಕಡೆಯ ಒಬ್ಬ ಅಜ್ಜಿ ತೆಲುಗಿನಲ್ಲಿ "ಮಂಚಿದಪ್ಪಾ", ಒಳ್ಳೇದಪ್ಪಾ, ಎಂದು ನನ್ನ ತಲೆ ಸವರಿದರು. ಅಂಥ ಒಳ್ಳೆಯ ಸುದ್ದಿ ಆ ಕಾರಿಡಾರಿನಲ್ಲಿ ಎಲ್ಲರಿಗೂ ಸೇರಿದ್ದು.

ಗುರುವಾರ ಅಕ್ಕ ಬಾಗಿಲ ಗಾಜಿನಿಂದ ನನ್ನನ್ನು ನೋಡಿದಳಂತೆ. ಹೊರಗೆ ಬಂದ ಕೂಡಲೇ ಹಿಡಿದುಕೊಂಡಳು.

"ಏನ್ಲಾ ಇದು, ಗಂಡ್ಸಾಗಿ ಹೆಂಡ್ತಿ ಕಾಲು ಹಿಡ್ಕಂಡು ಕುಂತಿದ್ದೀಯ? ಎದ್ಮೇಲೆ ಗೊತ್ತಾದ್ರೆ ಅವ್ಳು ಸುಮ್ನೆ ಬುಡ್ತಾಳಾ?"

"ಎದ್ದು ಬೈಲಿ ಕಣಕ್ಕ. ಅದ್ಕೇ ಅಲ್ವಾ ಹಿಡ್ಕಂಡಿರೋದು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಶುಕ್ರವಾರ ಸಂಜೆ ಎಂದಿನಂತೆ ಮಂಡಿಯಿಂದ ಕೈ ಇಳಿಸಿದೆ. ಮೀನಖಂಡ ಬೆಚ್ಚಗೆ. ಹರಡು ಬೆಚ್ಚಗೆ. ಹೆಬ್ಬೆರಳಿಗೆ ಕೈ ಇಟ್ಟೆ.

ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು.

ತಲೆ ಎತ್ತಿದೆ. ನಾಲ್ಕು ದಿನದಿಂದ ಎಲ್ಲೋ ನೋಡುತ್ತಿದ್ದ ಕಣ್ಣು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಮಾಸ್ಕಿನೊಳಗಿಂದ ಸಣ್ಣ ದನಿ.

"ಮುಟ್ಬ್ಯಾಡಿ. ಪಾಪ ಬತ್ತದೆ ನಂಗೆ."

ನಾನು ಡಾಕ್ಟರಮ್ಮನನ್ನು ಕೂಗಿದ ದನಿಗೆ ಇಡೀ ಐಸಿಯು ತಿರುಗಿ ನೋಡಿತು. ಬಸ್ಸು ನಿಲ್ಲಿಸುವ ಗಂಟಲು, ಏನು ಮಾಡಲಿ. ಅವರು ಓಡಿ ಬಂದು ಬೆರಳ ತುದಿ ಒತ್ತಿ ಬಿಟ್ಟು, ಒಂದು, ಎರಡು ಎನ್ನುವಷ್ಟರಲ್ಲಿ ಕೆಂಪು ಮರಳಿತು. ಬೈದಳು ಮೇಡಂ, ನನ್ನನ್ನು ಬೈದಳು ಎಂದು ನಾನು ಹೇಳುತ್ತಲೇ ಇದ್ದೆ. ಔಷಧಿಯನ್ನು ನಿಧಾನವಾಗಿ ಇಳಿಸುತ್ತಾ ಬಂದು ಶನಿವಾರ ಪೂರ್ತಿ ನಿಲ್ಲಿಸಿದರು.

ಈಗ ಎರಡು ತಿಂಗಳು. ಅರ್ಧ ದಿನ ಅಂಗನವಾಡಿಗೆ ಹೋಗುತ್ತಾಳೆ. ಮೆಟ್ಟಿಲು ಹತ್ತಿದರೆ ಏದುಸಿರು. ಕಿಡ್ನಿ ಪರೀಕ್ಷೆ ಇನ್ನೂ ಕೆಲವು ತಿಂಗಳು ಮಾಡಿಸುತ್ತಿರಬೇಕು. ಚಳಿ ಎಂದರೆ ನಾನು ನಗುವುದಿಲ್ಲ. ಶುಗರ್ ಇರುವುದರಿಂದ ಪಾದವನ್ನು ದಿನಾ ನೋಡಬೇಕು, ಗಾಯ ಆದರೂ ಅವರಿಗೆ ಗೊತ್ತಾಗುವುದಿಲ್ಲ ಎಂದು ಡಾಕ್ಟರಮ್ಮ ನನಗೇ ಹೇಳಿ ಕಳಿಸಿದ್ದಾರೆ. ಮೊದಲ ವಾರವೆಲ್ಲ ಅದಕ್ಕೆ ಜಗಳ. ಆಮೇಲೆ ಅವಳೇ ಒಂದು ಪರಿಹಾರ ಕಂಡುಕೊಂಡಳು. ನಾನು ನೋಡಿದ ಮೇಲೆ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಪಾಪಕ್ಕೂ ಅಲ್ಲಿಗೆ ಸಮಾಧಾನ.

ಮೊನ್ನೆ ಡ್ಯೂಟಿ ಮುಗಿಸಿ ಬಂದು ಸುಸ್ತಾಗಿ ಜಗಲಿಯ ಮೇಲೆ ಕೂತಿದ್ದೆ. ಅವಳು ಬಂದು ಎದುರಿಗೆ ಕೂತಳು. ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ, ಯಾರಾದರೂ ಬರುತ್ತಾರೇನೋ ಎಂದು ಬೀದಿ ನೋಡಿ, ತಾನಾಗಿಯೇ ಎರಡೂ ಕಾಲು ಚಾಚಿದಳು.

"ನೋಡಲ್ವಾ ಇವತ್ತು?"

ನೋಡಿದೆ. ಎರಡೂ ಬೆಚ್ಚಗಿದ್ದವು.